ಐರೋಲಿಯ ಮಾವಶಿಗೆ ಕೇಳಿಸಿದ ‘ಬತ್ತೆ’

ಬೆಳಗ್ಗೆ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಐರೋಲಿಯ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಜಲಜಾಕ್ಷಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ನೀಲಿ ಏಪ್ರನ್ ಕಟ್ಟಿಕೊಳ್ಳುತ್ತಾರೆ. ಡೊಂಬಿವಲಿಯಿಂದ ಥಾಣೆಗೆ ಒಂದು ಲೋಕಲ್ ರೈಲು, ಥಾಣೆಯಿಂದ ಐರೋಲಿಗೆ ಇನ್ನೊಂದು ಲೋಕಲ್ ಹಿಡಿದು ಬಂದ ದಣಿವು ಮುಖದಲ್ಲಿ ಕಾಣುವುದಿಲ್ಲ. ಹತ್ತು ದಿನ ರಜೆ ಹಾಕಿದ್ದ ಅಳುಕು ಮಾತ್ರ ಚೆನ್ನಾಗಿ ಕಾಣುತ್ತದೆ. “ನಾನಿಲ್ಲದಾಗ ಯಾರ ಬೆನ್ನಿಗೆ ಹುಣ್ಣಾಗಿದೆಯೋ ದೇವರೇ ಬಲ್ಲ” ಎಂದು ಗೊಣಗುತ್ತಲೇ ಮೊದಲ ಹಾಸಿಗೆಯ ಕಡೆ ನಡೆಯುತ್ತಾರೆ.

ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಇದು. ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಇಲ್ಲಿರುವುದು ಹದಿನೆಂಟು ಹಾಸಿಗೆ. ಹನ್ನೊಂದು ಜನ ಏಳಲಾರರು, ಏಳು ಜನ ಹಿಡಿದು ಕೂರಿಸಿದರೆ ಕೂರಬಲ್ಲರು. ಜಲಜಾಕ್ಷಿ ಒಬ್ಬೊಬ್ಬರ ಬೆನ್ನ ಕೆಳಗೂ ಕೈ ತೂರಿಸಿ ಒದ್ದೆಯಾಗಿದೆಯೇ ಎಂದು ನೋಡುತ್ತಾರೆ. ನಿವೃತ್ತ ಟೀಚರ್‌ಗೆ ಮರಾಠಿಯಲ್ಲಿ, ಪಕ್ಕದ ಗುಜರಾತಿ ಅಜ್ಜಿಗೆ ತನಗೆ ಬರುವ ನಾಲ್ಕೇ ನಾಲ್ಕು ಗುಜರಾತಿ ಮಾತಿನಲ್ಲಿ ಕುಶಲ ವಿಚಾರಿಸುತ್ತಾರೆ. ಅಜ್ಜಿ ಅವರ ಉಚ್ಚಾರಕ್ಕೆ ನಗುತ್ತಾರೆ. ನಗುವಾಗ ಮೈ ಸಡಿಲವಾಗುತ್ತದೆ, ಆಗಲೇ ಮಗ್ಗುಲು ತಿರುಗಿಸಬೇಕಂತೆ.

ಆಸ್ಪತ್ರೆಯ ಭಾಷೆಯಲ್ಲಿ ಅವರು ‘ಮಾವಶಿ’. ಮರಾಠಿಯಲ್ಲಿ ಹಾಗೆಂದರೆ ತಾಯಿಯ ಅಕ್ಕ ಅಥವಾ ತಂಗಿ. ಆದರೆ ಈ ಊರಿನ ಆಸ್ಪತ್ರೆಗಳಲ್ಲಿ ಬೆಡ್‌ಪ್ಯಾನ್ ಎತ್ತುವ, ಮೈ ಒರೆಸುವ, ಹಾಸಿಗೆ ಬದಲಿಸುವ ಆಯಾಗಳಿಗೆಲ್ಲ ಇದೇ ಹೆಸರು. ಊರ ಕಡೆಯವರ ಸಂಘದವರು ಸಿಕ್ಕಾಗ ಯಾರಾದರೂ “ಇವರು ನರ್ಸ್” ಎಂದು ಪರಿಚಯಿಸಿದರೆ ಜಲಜಾಕ್ಷಿ ಅಲ್ಲಿಯೇ ತಿದ್ದುತ್ತಾರೆ. “ನಾನು ನರ್ಸ್ ಅಲ್ಲ ಮಾರಾಯ್ರೆ, ಮಾವಶಿ. ನರ್ಸ್ ಇಂಜೆಕ್ಷನ್ ಕೊಡ್ತಾರೆ, ನಾನು ಮುಕಳಿ ತೊಳೀತೇನೆ. ಎರಡೂ ಬೇಕಲ್ಲ?” ಎನ್ನುತ್ತಾರೆ. ಕೇಳಿದವರು ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ.

ಈ ಶುಕ್ರವಾರ ನಾಲ್ಕನೇ ಹಾಸಿಗೆಯಲ್ಲಿ ಹೊಸ ಮುಖವಿದೆ. ಎಪ್ಪತ್ತಾರು ವರ್ಷದ ದೇಜಪ್ಪ. ಜಲಜಾಕ್ಷಿ ರಜೆಯಲ್ಲಿದ್ದಾಗ ಬಂದು ಸೇರಿದವರು. ನೆನಪು ಪೂರ್ತಿ ಕೆಟ್ಟಿದೆ, ಹಿಂದಿ, ಮರಾಠಿ ಎರಡೂ ಬಿಟ್ಟುಹೋಗಿವೆ. ಮೂಳೆಗೆ ಚರ್ಮ ಅಂಟಿಸಿದಂತಿರುವ ಮುದುಕ ಛಾವಣಿ ನೋಡುತ್ತ ಆಗಾಗ ಒಂದೇ ಮಾತು ಕೂಗುತ್ತಾರೆ: “ಬತ್ತೆ! ಬತ್ತೆ!”

ಕೂಗಿದ ಕೂಡಲೇ ಸಿಸ್ಟರ್ ಚಂದವ್ವ ಬಂದು ಟ್ಯೂಬ್‌ಲೈಟ್ ಹಾಕುತ್ತಾರೆ. ಮತ್ತೆ ಕೂಗಿದಾಗ ಆರಿಸುತ್ತಾರೆ. ಚಂದವ್ವ ವಿಜಯಪುರದ ಕಡೆಯವರು, ಹದಿನೈದು ವರ್ಷದ ಅನುಭವದ ನರ್ಸ್. “ಬತ್ತಿ ಬತ್ತಿ ಅಂತಾರ ನೋಡ್ರಿ ಜಲಜಕ್ಕ. ಹಾಕಿದ್ರೂ ಬತ್ತಿ, ಆರ್ಸಿದ್ರೂ ಬತ್ತಿ. ಕಣ್ಣು ಕಾಣವಲ್ದೇನೋ ಅಂತ ಕಣ್ಣಿನ ಡಾಕ್ಟರ್‌ನೂ ಕರ್ಸಿದ್ವಿ. ಕಣ್ಣು ಛಲೋ ಅದಾವಂತ” ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಜಲಜಾಕ್ಷಿಗೆ ನಗು ತಡೆಯಲಾಗುವುದಿಲ್ಲ. “ಬತ್ತಿ ಅಲ್ಲ ಸಿಸ್ಟರ್, ಬತ್ತೆ. ನಮ್ಮ ತುಳು ಅದು. ಬಂದೆ ಅಂತ.”

“ನಾನೂ ಕನ್ನಡದಾಕೀನ ಅದೀನ್ರಿ, ನಿಮ್ಮ ತುಳು ನನಗೇನ್ ತಿಳಿತೈತಿ! ಎಲ್ಲಿಗೆ ಬರ್ತಾರಂತ ಅವರು?”

ಅದು ಜಲಜಾಕ್ಷಿಗೂ ತಿಳಿಯದು. ನಗು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಚಂದವ್ವ ತೋರಿಸಿದ ಫೈಲಿನಲ್ಲಿ ಬೇರೆ ಸಂಗತಿಯೂ ಇದೆ. ದೇಜಪ್ಪ ಎಂಟು ದಿನದಿಂದ ಸರಿಯಾಗಿ ಏನೂ ತಿಂದಿಲ್ಲ. ಬಾಯಿಗೆ ತುತ್ತು ಹಿಡಿದರೆ ತುಟಿ ಬಿಗಿಯುತ್ತಾರೆ, ತಟ್ಟೆ ತಳ್ಳುತ್ತಾರೆ. ಒಂದಿಷ್ಟು ನೀರು, ಅರ್ಧ ಲೋಟ ಹಾಲು, ಮತ್ತೆ ಸಲೈನ್. ತೂಕ ನಲವತ್ತೊಂದು ಕಿಲೋ. ಸೋಮವಾರದ ಹೊತ್ತಿಗೆ ಊಟ ಶುರುವಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಬೇಕು ಎಂದು ಡಾಕ್ಟರು ಬರೆದು ಸಹಿ ಹಾಕಿದ್ದಾರೆ.

ನಳಿಗೆ ಇಳಿಸುವವರು ಡಾಕ್ಟರು. ಬುದ್ಧಿ ನೆಟ್ಟಗಿಲ್ಲದ ರೋಗಿ ಅದನ್ನು ಕಿತ್ತುಕೊಳ್ಳದಂತೆ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟುವ ಕೆಲಸ ಮಾವಶಿಯದು.

“ಮೂರು ದಿನ ಉಂಟಲ್ಲ, ನೋಡುವ” ಎಂದಷ್ಟೇ ಹೇಳಿ ಜಲಜಾಕ್ಷಿ ಐದನೇ ಹಾಸಿಗೆಗೆ ಹೋಗುತ್ತಾರೆ. ಅವರ ದನಿ ಸಣ್ಣದಾಗಿರುವುದನ್ನು ಚಂದವ್ವ ಗಮನಿಸುತ್ತಾರೆ. ಕಾರಣ ಅವರಿಗೆ ಗೊತ್ತು.

ಜಲಜಾಕ್ಷಿ ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಇಪ್ಪತ್ತೆರಡು ವರ್ಷ. ಗಂಡ ವಸಂತಕುಮಾರ ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿ, ಸಪ್ಲೈಯರ್ ಆಗಿ, ಕೊನೆಗೆ ಹಾಲ್ ನೋಡಿಕೊಳ್ಳುವ ಕ್ಯಾಪ್ಟನ್ ಆದವರು. ಒಂದು ಕೋಣೆ, ಒಂದು ಅಡುಗೆಮನೆ, ಸಮಿತ್ ಮತ್ತು ನಿಕಿತಾ ಎಂಬ ಎರಡು ಮಕ್ಕಳು. ನಾಲ್ಕು ಜನರ ಸಂಸಾರ ಹೇಗೋ ತಕ್ಕಮಟ್ಟಿಗೆ ಸಾಗಿತ್ತು. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೋಟೆಲಿನ ಹಾಲ್‌ನಲ್ಲಿಯೇ ವಸಂತಕುಮಾರ ಕುಸಿದು ಬಿದ್ದರು. ಪಾರ್ಶ್ವವಾಯು. ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಮೂಗಿಗೆ ನಳಿಗೆ ಹಾಕಿದರು.

ನೆಟ್ಟಗಿದ್ದ ಎಡಗೈಯಿಂದ ಅವರು ನಳಿಗೆಯನ್ನು ಎರಡು ಸಲ ಕಿತ್ತರು. ಆಮೇಲೆ ಕೈ ಕಟ್ಟಬೇಕಾಯಿತು. “ವಾರ್ಡಿನಲ್ಲಿ ಜನ ಕಮ್ಮಿ. ನೀವೇ ಕಟ್ಟಿ ಅಂದ್ರು ಸಿಸ್ಟರ್. ಕಟ್ಟಿದ್ದು ನಾನೇ” ಎಂದು ಜಲಜಾಕ್ಷಿ ಹೇಳುತ್ತಾರೆ. ಇದನ್ನು ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ. “ನೋವಾಗ್ಬಾರ್ದು ಅಂತ ನನ್ನದೇ ಹಳೆ ಸೀರೆ ಹರಿದು ಪಟ್ಟಿ ಮಾಡಿದ್ದೆ. ಅವರು ನನ್ನನ್ನೇ ನೋಡ್ತಿದ್ರು. ಬಿಚ್ಚು ಅಂತ ಕಣ್ಣಲ್ಲೇ ಕೇಳ್ತಿದ್ರು. ಏಳು ವಾರ. ಒಂದು ದಿನ ಕೆಳಗೆ ಚಾ ತರ್ಲಿಕ್ಕೆ ಹೋಗಿ ಬರುವಷ್ಟರಲ್ಲಿ ಮುಗ್ದಿತ್ತು. ಗಂಟು ಬಿಚ್ಚಿದ್ದು ಆಮೇಲೆ.”

ಆ ಏಳು ವಾರದಲ್ಲಿ ಅವರು ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಹಾಸಿಗೆಯ ಮೇಲೆ ರೋಗಿ ಇರುವಾಗಲೇ ಚಾದರ ಬದಲಿಸುವುದು ಎಲ್ಲವನ್ನೂ ಕಲಿತಿದ್ದರು. ಅದೇ ವಾರ್ಡಿನ ಸಿಸ್ಟರ್ ಒಬ್ಬರು ಕೆಲಸ ಕೊಡಿಸಿದರು. ಮುಂದಿನ ವರ್ಷ ಐರೋಲಿಗೆ ಬಂದರು. ಇಬ್ಬರು ಮಕ್ಕಳ ಓದು, ನಿಕಿತಾಳ ಮದುವೆ, ಈಗ ಅವಳ ಬಾಣಂತನ ಎಲ್ಲವೂ ಈ ನೀಲಿ ಏಪ್ರನ್ನಿನಲ್ಲೇ ನಡೆದಿದೆ. ದಿನಕ್ಕೆ ಹನ್ನೊಂದು ಜನರನ್ನು ಎರಡೆರಡು ಗಂಟೆಗೆ ಒಮ್ಮೆ ತಿರುಗಿಸುತ್ತಾರೆ, ಅಂದರೆ ಒಂದು ಪಾಳಿಯಲ್ಲಿ ನಲವತ್ತು ಸಲಕ್ಕೂ ಹೆಚ್ಚು. ಚಾದರಗಳು ಮೂವತ್ತರ ಆಸುಪಾಸು. ಈ ಎಂಟು ವರ್ಷದಲ್ಲಿ ತನ್ನ ಪಾಳಿಯಲ್ಲಿ ಯಾರ ಬೆನ್ನಿಗೂ ಹುಣ್ಣು ಬಿದ್ದಿಲ್ಲ ಎಂಬುದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ.

ಬೇರೆಯವರ ಕೈ ಕಟ್ಟಿದ್ದುಂಟೇ? “ಹದಿಮೂರು ಜನರದ್ದು” ಎಂದು ಥಟ್ಟನೆ ಉತ್ತರಿಸುತ್ತಾರೆ. “ಕೆಲಸ ಅಲ್ವಾ, ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಆದ್ರೆ ಕಟ್ಟಿದ ದಿನ ನಂಗೆ ಮನೇಲಿ ಊಟ ಸೇರುವುದಿಲ್ಲ.”

ಶನಿವಾರ ಅವರು ದೇಜಪ್ಪನವರ ಊಟದ ಹೊಣೆಯನ್ನು ತಾವೇ ವಹಿಸಿಕೊಳ್ಳುತ್ತಾರೆ. ಇಲ್ಲಿ ಹನ್ನೆರಡು ಗಂಟೆಗೆ ಊಟ, ತುಂಬ ನಿಶ್ಶಕ್ತರಿಗೆ ಮೊದಲು. ಹಾಗಾಗಿ ಮೊದಲ ತಟ್ಟೆ ನಾಲ್ಕನೇ ಹಾಸಿಗೆಗೇ ಬರುತ್ತದೆ. ಮೆತ್ತಗೆ ಕಲಸಿದ ಅನ್ನ, ಸಾರು. “ಒಣಸ್ ಮಲ್ಪುಲೆ ದೇಜಪ್ಪಣ್ಣ” ಎಂದು ತುಳುವಿನಲ್ಲಿ ಊಟಕ್ಕೆ ಕರೆದಾಗ ಮುದುಕ ತಟ್ಟನೆ ತಿರುಗಿ ನೋಡುತ್ತಾರೆ. ಎಂಟು ದಿನದ ಮೇಲೆ ಅರ್ಥವಾದ ಮೊದಲ ಮಾತು ಅದು. ಕಣ್ಣು ಅರಳುತ್ತದೆ. ಜಲಜಾಕ್ಷಿಗೆ ಗೆದ್ದೆ ಎನಿಸುತ್ತದೆ.

ಆದರೆ ತುತ್ತು ಬಾಯಿಗೆ ಬಂದೊಡನೆ ತುಟಿ ಮುಚ್ಚುತ್ತದೆ. ಅವರು ತಟ್ಟೆಯನ್ನು ಎರಡೂ ಕೈಯಿಂದ ಪಕ್ಕದ ಹಾಸಿಗೆಯ ಕಡೆ ತಳ್ಳಿ “ದುಂಬು ಆರೆಗ್” ಎನ್ನುತ್ತಾರೆ. ಮೊದಲು ಅವರಿಗೆ ಎಂದು ಅರ್ಥ. ಸಾರು ಚಾದರದ ಮೇಲೆ ಚೆಲ್ಲುತ್ತದೆ. ಅದು ಆ ದಿನದ ಇಪ್ಪತ್ತಾರನೆಯ ಚಾದರ. “ಅವರಿಗೆ ಅವರ ತಟ್ಟೆ ಉಂಟು! ನಿಮ್ಮದು ನೀವು ತಿನ್ನಿ!” ಎಂದು ಜಲಜಾಕ್ಷಿ ರೇಗಿಬಿಡುತ್ತಾರೆ. ದೇಜಪ್ಪ ಬೈಸಿಕೊಂಡ ಮಗುವಿನ ಮುಖ ಮಾಡಿ ಕಣ್ಣು ಮುಚ್ಚುತ್ತಾರೆ. ರೇಗಿದ್ದಕ್ಕೆ ಲೋಕಲ್‌ನಲ್ಲಿ ಡೊಂಬಿವಲಿಯವರೆಗೂ ತನಗೆ ತಾನೇ ಬೈದುಕೊಂಡೆ ಎಂದು ಮರುದಿನ ಚಂದವ್ವನ ಬಳಿ ಒಪ್ಪಿಕೊಳ್ಳುತ್ತಾರೆ.

ಭಾನುವಾರ ಬೆಳಗ್ಗೆ ದೇಜಪ್ಪನವರ ಮಗ ರಿತೇಶ್ ಕಾಮೋಠೆಯಿಂದ ಬರುತ್ತಾನೆ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತುಳು ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲೇ. ಅಪ್ಪ “ಬತ್ತೆ, ಬತ್ತೆ” ಎಂದಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಾನೆ.

“ಆಂಟಿ, ಪಪ್ಪಾ ಮಮ್ಮಿಗೆ ಹೇಳ್ತಿದಾರೆ. ಬಂದೆ ಅಂತ. ಮಮ್ಮಿ ಹೋಗಿ ಎರಡು ವರ್ಷ ಆಯ್ತು. ಇನ್ಹೇ ಜಾನಾ ಹೈ, ಮಮ್ಮಿ ಹತ್ರ ಹೋಗ್ಬೇಕಂತೆ. ಅದಕ್ಕೇ ಊಟ ಬಿಟ್ಟಿದಾರೆ” ಎಂದು ಇರುವ ಕನ್ನಡಕ್ಕೆ ಹಿಂದಿ ಬೆರೆಸಿ ಹೇಳುತ್ತಾನೆ. ನಳಿಗೆ ಹಾಕುವ ಕಾಗದಕ್ಕೆ ಸಹಿ ಮಾಡಲೂ ಮನಸ್ಸಿಲ್ಲ, ಬೇಡ ಎನ್ನಲೂ ಧೈರ್ಯವಿಲ್ಲ.

ಜಲಜಾಕ್ಷಿ ಮಾತ್ರ ಕಿವಿಗೊಟ್ಟು ನಿಂತಿದ್ದಾರೆ. ದೇಜಪ್ಪ ಮತ್ತೊಮ್ಮೆ ಕೂಗುತ್ತಾರೆ. ಆ ದನಿಯಲ್ಲಿ ಸಂಕಟವಿಲ್ಲ. ಚುರುಕಾಗಿದೆ, ಕೊನೆಯಲ್ಲಿ ಸ್ವಲ್ಪ ಎಳೆದಿದೆ.

“ರಿತೇಶ್, ನಿಮ್ಮ ಪಪ್ಪಾ ಎಂತ ಕೆಲಸ ಮಾಡ್ತಿದ್ರು?” ಎಂದು ಕೇಳುತ್ತಾರೆ. ಫೈಲಿನಲ್ಲಿರುವುದು ‘ಖಾಸಗಿ ನೌಕರಿ, ನಿವೃತ್ತ’ ಎಂದಷ್ಟೇ.

ರಿತೇಶ್ ದನಿ ತಗ್ಗಿಸಿ ಹೇಳುತ್ತಾನೆ. “ಹೋಟೆಲ್ ಮೆ ಥೇ. ಕಲ್ಯಾಣ್ ಸ್ಟೇಷನ್ ಹತ್ರ. ಸಪ್ಲೈಯರ್. ನಲವತ್ತೊಂದು ವರ್ಷ.” ಫಾರ್ಮ್ ತುಂಬುವಾಗ ಅದನ್ನು ಬರೆಯಲು ಅವನಿಗೆ ಸಂಕೋಚವಾಗಿತ್ತು.

ಜಲಜಾಕ್ಷಿ ಹಣೆಗೆ ಕೈ ಹೊಡೆದುಕೊಳ್ಳುತ್ತಾರೆ. “ಅಯ್ಯೋ ನನ್ನ ಬುದ್ಧಿಗೆ! ಸಾಯುವವರು ಹಾಗೆ ಹೇಳುವುದಿಲ್ಲ ಮಗಾ. ಅದು ಗಿರಾಕಿಗೆ ಹೇಳುವ ಬತ್ತೆ. ಟೇಬಲ್‌ನವ ಕರ್ದಾಗ ಈ ಕಡೆಯಿಂದ ಕೂಗ್ತಾರಲ್ಲ, ಅದು. ನಮ್ಮವರು ನಿದ್ದೆಯಲ್ಲೂ ಹಾಗೇ ಕೂಗ್ತಿದ್ರು.”

ಮಿಕ್ಕಿದ್ದು ತಾನಾಗಿಯೇ ತಿಳಿಯುತ್ತದೆ. ಹಳೆಯ ಹೋಟೆಲುಗಳಲ್ಲಿ ಗಿರಾಕಿ ಕಾಯುತ್ತಿರುವಾಗ ಸಪ್ಲೈಯರ್ ಬಾಯಿಗೆ ತುತ್ತಿಡುವಂತಿಲ್ಲ. ಹಾಲ್ ಖಾಲಿಯಾಗಬೇಕು, ಶಟರ್ ಅರ್ಧ ಇಳಿಯಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಸ್ಟಾಫ್ ಊಟ. ವಸಂತಕುಮಾರ ವಾರದ ರಜೆಯಲ್ಲಿ ಮನೆಯಲ್ಲಿದ್ದರೂ ಹೆಂಡತಿ ಮಕ್ಕಳ ಊಟ ಮುಗಿಯುವವರೆಗೆ ಸಾರಿನ ಸೌಟು ಹಿಡಿದು ನಿಂತೇ ಇರುತ್ತಿದ್ದರು. ಕೂತುಕೊಳ್ಳಿ ಎಂದರೆ ಕೂತು, ಎರಡು ನಿಮಿಷದಲ್ಲಿ ಮತ್ತೆ ಎದ್ದು ನಿಲ್ಲುತ್ತಿದ್ದರು. ನಲವತ್ತೊಂದು ವರ್ಷ ಹೀಗೆ ಬದುಕಿದ ದೇಜಪ್ಪನ ಮುಂದೆ ನರ್ಸಿಂಗ್ ಹೋಮ್ ದಿನವೂ ಎಲ್ಲರಿಗಿಂತ ಮೊದಲು ತಟ್ಟೆ ಇಡುತ್ತಿತ್ತು. ಪಕ್ಕದ ಹಾಸಿಗೆಗಳಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಪಾಪ, ಅವರು ಹೇಗೆ ತಿಂದಾರು?

ಅಂದು ಮಧ್ಯಾಹ್ನ ಜಲಜಾಕ್ಷಿ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಊಟದ ಹಾಲ್‌ಗೆ ತರುತ್ತಾರೆ. ಹೆಗಲ ಮೇಲೊಂದು ಬಿಳಿ ಟವೆಲ್ ಹಾಕುತ್ತಾರೆ. ಉಳಿದ ಆರು ಜನ ಉಣ್ಣುವುದನ್ನು ದೇಜಪ್ಪ ಒಬ್ಬೊಬ್ಬರಂತೆ ನೋಡುತ್ತ ಕೂರುತ್ತಾರೆ. ಎಲ್ಲರ ಊಟ ಮುಗಿದ ಮೇಲೆ ಜಲಜಾಕ್ಷಿ ಕಿಟಕಿಯ ಪರದೆಯನ್ನು ಅರ್ಧ ಎಳೆದು, ತನ್ನ ಡಬ್ಬಿ ಬಿಚ್ಚಿ ಅವರ ಪಕ್ಕವೇ ಕುಳಿತು ಹೇಳುತ್ತಾರೆ: “ಮಾತೆರೆನಲಾ ಒಣಸ್ ಆಂಡ್ ದೇಜಪ್ಪಣ್ಣ. ನನ ಸ್ಟಾಫ್ ಒಣಸ್.” ಎಲ್ಲರದ್ದೂ ಊಟ ಆಯ್ತು, ಇನ್ನು ಸ್ಟಾಫ್ ಊಟ. ರೋಗಿಗಳ ಜೊತೆ ಕೂತು ಮಾವಶಿ ಉಣ್ಣಬಾರದು ಎಂಬ ನಿಯಮವಿದೆ. ಚಂದವ್ವ ಆ ಹೊತ್ತಿಗೆ ಸರಿಯಾಗಿ ಔಷಧದ ಕಪಾಟು ಜೋಡಿಸಲು ಹೋಗುತ್ತಾರೆ.

ದೇಜಪ್ಪ ನಾಲ್ಕು ತುತ್ತು ಉಣ್ಣುತ್ತಾರೆ. ನಾಲ್ಕೇ. ರಿತೇಶ್ ಬಾಗಿಲಲ್ಲಿ ನಿಂತು ಎಣಿಸುತ್ತಾನೆ. ಅಷ್ಟಕ್ಕೆ ಡಾಕ್ಟರು ಒಪ್ಪುತ್ತಾರೆಯೇ ಎಂಬುದು ಯಾರಿಗೂ ಗೊತ್ತಿಲ್ಲ.

ಸೋಮವಾರ ಹನ್ನೊಂದೂವರೆಗೆ ಡಾಕ್ಟರು ಬರುತ್ತಾರೆ. ಸ್ಟೀಲ್ ಟ್ರೇಯಲ್ಲಿ ನಳಿಗೆಯ ಪ್ಯಾಕೆಟ್, ಅದರ ಪಕ್ಕ ಕೈಗೆ ಕಟ್ಟುವ ಬಿಳಿ ಪಟ್ಟಿ ಎರಡೂ ಸಿದ್ಧವಾಗಿವೆ. ಡಾಕ್ಟರು ಒಳ್ಳೆಯ ಮನುಷ್ಯರೇ, ಆದರೆ ಒಂದು ಗಂಟೆಗೆ ವಾಶಿಯಲ್ಲಿ ಅವರಿಗೆ ಒಪಿಡಿ ಇದೆ. ನಿನ್ನೆ ತಿಂದರು ಎಂದು ಚಂದವ್ವ ವರದಿ ಕೊಟ್ಟಾಗ ಅವರು “ಹಾಗಾದರೆ ಈಗ ತಿನ್ನಿಸಿ ತೋರಿಸಿ” ಎನ್ನುತ್ತಾರೆ. ಕೇಳಿದ್ದು ನ್ಯಾಯವೇ. ಊಟದ ಹಾಲ್‌ನಲ್ಲಿ ಅವರೇ ಚಮಚ ಹಿಡಿಯುತ್ತಾರೆ. ದೇಜಪ್ಪ ತುಟಿ ಬಿಗಿಯುತ್ತಾರೆ.

“ಮಾವಶಿ, ಆತಾ ಕಾಯ್?” ಈಗೇನು ಹೇಳುತ್ತೀರಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳುತ್ತ ಗಡಿಯಾರ ನೋಡುತ್ತಾರೆ.

ಜಲಜಾಕ್ಷಿ ಎಂಟು ವರ್ಷದಲ್ಲಿ ಡಾಕ್ಟರಿಗೆ ಎದುರು ಮಾತಾಡಿದವರಲ್ಲ. ಅವರು ಒಂದು ಕುರ್ಚಿಯನ್ನು ದರದರನೆ ಎಳೆದು ತಂದು ಊಟದ ಮೇಜಿನ ಮುಂದೆ ಹಾಕಿ “ಡಾಕ್ಟರ್, ಬಸಾ ನಾ” ಎನ್ನುತ್ತಾರೆ. ಕೂತುಕೊಳ್ಳಿ ಎಂದರೆ ಬರೀ ಕೂರುವುದಲ್ಲ. ಮುಂದೆ ತಟ್ಟೆ ಬರುತ್ತದೆ. ಎರಡು ಚಪಾತಿ, ಅನ್ನ, ಸಾರು. “ನೀವು ಊಟ ಮಾಡದೆ ಅವರು ಮಾಡುವುದಿಲ್ಲ ಡಾಕ್ಟರ್. ನೀವೂ ಗಿರಾಕಿ” ಎಂದು ಮುರುಕು ಮರಾಠಿಯಲ್ಲಿ ವಿವರಿಸುತ್ತಾರೆ. ಡಾಕ್ಟರು ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ, ಹಸಿವೂ ಆಗಿದ್ದರಿಂದ ಕೂರುತ್ತಾರೆ. ಅರ್ಧ ಗಂಟೆ ಮೊದಲೇ ಉಳಿದ ಆರು ಜನಕ್ಕೂ ಬಡಿಸಲಾಗುತ್ತದೆ.

ಗಾಲಿಕುರ್ಚಿಯ ಮೇಲೆ ದೇಜಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಾರೆ. ಡಾಕ್ಟರ ಅನ್ನ ಒಣಗಿದ್ದು ಅವರಿಗೇ ಮೊದಲು ಕಾಣುತ್ತದೆ. “ಬತ್ತೆ!” ಎಂದು ಕೂಗಿ, ಜಲಜಾಕ್ಷಿಗೆ ಕಣ್ಣಿನಲ್ಲಿಯೇ ಸಾರಿನ ಪಾತ್ರೆ ತೋರಿಸುತ್ತಾರೆ. ಜಲಜಾಕ್ಷಿ ಓಡಿ ಹೋಗಿ ಸಾರು ಬಡಿಸುತ್ತಾರೆ. ಚಂದವ್ವ ಲೈಟಿನ ಸ್ವಿಚ್ಚಿನ ಕಡೆ ಎತ್ತಿದ ಕೈಯನ್ನು ಕೆಳಗಿಳಿಸಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ ಪರದೆ ಅರ್ಧ ಇಳಿದಿದೆ. ಮೇಜಿನ ಸುತ್ತ ಜಲಜಾಕ್ಷಿ, ಚಂದವ್ವ, ಅಡುಗೆಯ ಮರಗಮ್ಮ, ನಡುವೆ ದೇಜಪ್ಪ. ಮುದುಕ ಟವೆಲ್‌ನಿಂದ ಮುಖ ಒರೆಸಿಕೊಂಡು, ತಾನೇ ಕಲಸಿಕೊಂಡು, ತನ್ನ ಕೈಯಿಂದಲೇ ಉಣ್ಣುತ್ತಾರೆ. ಹದಿನೇಳು ತುತ್ತು. ಡಾಕ್ಟರು ಗೋಡೆಗೆ ಒರಗಿ ನೋಡುತ್ತಾರೆ. ವಾಶಿಯಿಂದ ಫೋನ್ ಬರುತ್ತದೆ, ತೆಗೆಯುವುದಿಲ್ಲ. ಆಮೇಲೆ ಫೈಲಿನಲ್ಲಿ ನಳಿಗೆಯ ಸಾಲಿಗೆ ಗೀಟು ಹಾಕಿ, ಕೆಳಗೆ ‘ಎಲ್ಲರ ಊಟ ಆದ ಮೇಲೆ ಕೊಡುವುದು, ಸ್ಟಾಫ್ ಜೊತೆ’ ಎಂದು ಬರೆಯುತ್ತಾರೆ. ಮಾವಶಿ ಉಣ್ಣಬಾರದೆಂಬ ನಿಯಮ ನಾಲ್ಕನೇ ಹಾಸಿಗೆಯ ಮಟ್ಟಿಗೆ ರದ್ದಾಗುತ್ತದೆ.

ಜಲಜಾಕ್ಷಿ ಟ್ರೇಯಿಂದ ಬಿಳಿ ಪಟ್ಟಿಗಳನ್ನು ತೆಗೆದು, ಮಡಚಿ, ಕಪಾಟಿನ ಒಳಗಿಡುತ್ತಾರೆ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಳ್ಳುತ್ತಾರೆ. ಅತ್ತಿರಾ ಎಂದರೆ “ಸೋಪು ಕಣ್ಣಿಗೆ ಹೋದದ್ದು” ಎನ್ನುತ್ತಾರೆ.

ಸಂಜೆ ನಾಲ್ಕೂವರೆಗೆ ಅವರು ಡೊಂಬಿವಲಿಯ ಮನೆಯಲ್ಲಿದ್ದಾರೆ. ಇಲ್ಲಿ ಎರಡನೆಯ ಪಾಳಿ ಶುರು. ನಿಕಿತಾಳ ಹದಿನಾಲ್ಕು ದಿನದ ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತ, ಮಗಳಿಗೆ ತುಳುವಿನಲ್ಲಿ ಇಡೀ ಕಥೆ ಹೇಳುತ್ತಾರೆ. ಮಂಚದ ಮೇಲೆ ಒರಗಿದ ನಿಕಿತಾ ಹಿಂದಿಯಲ್ಲಿ ಹೂಂಗುಟ್ಟುತ್ತಾಳೆ. ಡಾಕ್ಟರನ್ನು ಗಿರಾಕಿ ಮಾಡಿದ ಜಾಗ ಬಂದಾಗ “ಮಮ್ಮೀ, ತುಮ್ ಭೀ ನಾ!” ಎಂದು ಹೊಟ್ಟೆ ಹಿಡಿದು ನಗುತ್ತಾಳೆ. ಸಮಿತ್, ನಿಕಿತಾ ಇಬ್ಬರಿಗೂ ತುಳು ಅರ್ಧಂಬರ್ಧ ಅರ್ಥವಾಗುತ್ತದೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಅದನ್ನು ಆಡುವವರು ಅಮ್ಮ ಒಬ್ಬರೇ.

ಇಷ್ಟೆಲ್ಲ ಆದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ ಜಲಜಾಕ್ಷಿ ಮಗುವಿನ ಮೈ ತಿಕ್ಕುವುದನ್ನು ನಿಲ್ಲಿಸದೆ ಯೋಚಿಸುತ್ತಾರೆ. “ನಂಗೆಂತ ಬೇಕು! ನಾಳೆ ನಂಗೂ ಹಿಂದಿ, ಮರಾಠಿ ಎಲ್ಲ ಮರ್ತು ಹೋದ್ರೆ ಅಂತ ಒಂದು ಹೆದರಿಕೆ ಉಂಟು. ದೇಜಪ್ಪಣ್ಣನಿಗೆ ನಾನಿದ್ದೆ. ನಂಗೆ ಯಾರು? ಮಗಳು ಮೂರು ಶಬ್ದ ಕಲ್ತುಕೊಂಡ್ರೆ ಸಾಕು ನೋಡಿ. ಬಡವು, ಬಾಜೆಲ್, ಬೇನೆ.”

ಹಸಿವು, ಬಾಯಾರಿಕೆ, ನೋವು. ನಿಕಿತಾಳ ನಗು ನಿಂತಿದೆ. ಅವಳು ಎದ್ದು ಕುಳಿತು ಮೂರನ್ನೂ ಹೇಳಿ ನೋಡುತ್ತಾಳೆ. ಬಾಜೆಲ್ ಎನ್ನುವಲ್ಲಿ ತಪ್ಪುತ್ತಾಳೆ, ಅಮ್ಮ ತಿದ್ದುತ್ತಾರೆ. ಮತ್ತೆ ಹೇಳುತ್ತಾಳೆ. ಮೂರನೆಯ ಸಲ ಸರಿಯಾಗುತ್ತದೆ.

“ಬಸ್, ತೀನ್ ಹೀ?” ಎಂದು ಕೇಳುತ್ತಾಳೆ ಮಗಳು, ಕಣ್ಣು ಒರೆಸಿಕೊಳ್ಳುತ್ತ.

“ಮೂರು ಸಾಕು” ಎನ್ನುತ್ತಾರೆ ಜಲಜಾಕ್ಷಿ. “ಉಳಿದದ್ದು ನಾನು ಹೇಗೋ ಸುಧಾರಿಸ್ತೇನೆ.”